ಮಧ್ಯದ ಸ್ಪೀಕರ್

ಜನವರಿ 6, ಭಾನುವಾರ

ಹಳೆಯ ಮೀಡಿಯಾ ಪ್ಲೇಯರ್ ಇವತ್ತು ಬೆಳಿಗ್ಗೆ ಕಣ್ಣು ಮುಚ್ಚಿತು. ಕೆಂಪು ದೀಪ ಒಮ್ಮೆ ಮಿನುಗಿತು, ಅಷ್ಟೇ. ಬಾಮೈದ ಬಂದು ಬಿಚ್ಚಿ ನೋಡಿ, "ಭಾವ, ಇದರ ಕಥೆ ಮುಗೀತು" ಎಂದ. ಅವನು ಲಿಫ್ಟ್ ರಿಪೇರಿ ಮಾಡುವವನು. ನೆಂಟರೆಲ್ಲ ಅವನನ್ನು ಲಿಫ್ಟು ಎಂದೇ ಕರೆಯುವುದು. ಅವನೇ ಕೈಬಿಟ್ಟ ಮೇಲೆ ಇನ್ನು ಯಾರೂ ಅದನ್ನು ಮೇಲೆತ್ತಲಾರರು.

ಹಿಂದಿನ ಕೋಣೆಯನ್ನು ನಾವು ಸಿನಿಮಾಕ್ಕೆಂದೇ ಮಾಡಿಕೊಂಡಿದ್ದೇವೆ. ದೊಡ್ಡ ಟೀವಿ, ಆಂಪ್ಲಿಫೈಯರ್, ಎರಡು ಸ್ಪೀಕರ್, ಎರಡು ಕುರ್ಚಿ. ಶನಿವಾರ ಸಂಜೆ ಗಂಡ ಹೆಂಡತಿ ಥಿಯೇಟರಿಗೆ ಹೋಗುವುದು ಮದುವೆಯಾದಾಗಿನಿಂದ ಇದ್ದ ರೂಢಿ. ಥಿಯೇಟರ್ ಹೋಗಿ ಸೋಫಾ ಅಂಗಡಿಯಾದ ಮೇಲೆ ಆ ರೂಢಿ ಮನೆಯೊಳಗೆ ಬಂತು. ಸಿನಿಮಾಗಳೆಲ್ಲ ಹಾರ್ಡ್ ಡಿಸ್ಕಿನಲ್ಲಿವೆ. ಅವನ್ನು ಓದಿ ಟೀವಿಗೆ ಚಿತ್ರವನ್ನೂ ಆಂಪ್ಲಿಫೈಯರಿಗೆ ಸದ್ದನ್ನೂ ಕೊಡುವ ಒಂದು ಪೆಟ್ಟಿಗೆ ಬೇಕು.

ಈ ಸಲ ಆತುರಪಡಬಾರದು. ಎಲ್ಲ ನಮೂನೆಯ ಫೈಲೂ ಓಡಬೇಕು, ಚಿತ್ರ ತಡವರಿಸಬಾರದು, ರಿಮೋಟ್ ಇವಳ ಕೈಗೂ ಒಗ್ಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಮಾತು ಸ್ಪಷ್ಟವಾಗಿ ಕೇಳಬೇಕು. ಹಳೆಯ ಪೆಟ್ಟಿಗೆಯಲ್ಲಿ ಕಳೆದ ವರ್ಷದಿಂದ ಮಾತು ಮಂಕಾಗುತ್ತಲೇ ಬಂದಿತ್ತು. ಉಳಿದವರಿಗೆ ಇಂಥದ್ದು ಗೊತ್ತಾಗುವುದಿಲ್ಲ. ನಾನು ನ್ಯಾಯಾಲಯದ ಶೀಘ್ರಲಿಪಿಗಾರ. ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು ಟೈಪು ಮಾಡುವವನು. ಇಷ್ಟು ವರ್ಷ ಕಿವಿಯಿಂದಲೇ ಅನ್ನ ತಿಂದವನಿಗೆ ಕೆಟ್ಟ ಸದ್ದು ಗೊತ್ತಾಗದೆ ಇರುತ್ತದೆಯೇ.

ಜನವರಿ 12, ಶನಿವಾರ

ಟೀವಿಯ ಬೆನ್ನಿಗೆ ಚುಚ್ಚುವ ಬೆರಳುದ್ದದ ಸ್ಟಿಕ್ ಒಂದನ್ನು ತಂದು ನೋಡಿದೆ. ಅಂಗಡಿಯವನು ಅದನ್ನು ಬಹಳ ಹೊಗಳಿದ. ಏನೇನು ಹೊಗಳಿದನೋ ಅರ್ಧ ತಿಳಿಯಲಿಲ್ಲ, ಮಾತಾಡುವಾಗೆಲ್ಲ ಕಪಾಟಿನ ಕಡೆಗೇ ಮುಖ ಮಾಡಿರುತ್ತಾನೆ. ಗಿರಾಕಿಯ ಮುಖ ನೋಡಿ ಮಾತಾಡುವ ಪದ್ಧತಿಯೇ ಹೊರಟುಹೋಗಿದೆ.

ದೊಡ್ಡ ಫೈಲ್ ಹಾಕಿದರೆ ಚಿತ್ರ ಏದುಸಿರು ಬಿಡುತ್ತದೆ. ನಾಯಕ ಬಾಗಿಲು ತೆಗೆದವನು ಒಳಗೆ ಬರಲು ಅರ್ಧ ನಿಮಿಷ. ಮಾತೂ ಮಂಕು.

"ನಂಗೆ ಚೆನ್ನಾಗೇ ಕೇಳಿಸ್ತಲ್ಲ" ಎಂದಳು ನನ್ನ ಹೆಂಡತಿ. ಅವಳು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಪಿಸುಮಾತಿನಲ್ಲಿ ಬದುಕುವವರಿಗೆ ಯಾವ ಸದ್ದೂ ದೊಡ್ಡದೇ ಎಂದೆ. ಅದಕ್ಕೆ ಅವಳು ಏನೋ ಅಂದಳು, ನಾನು ನಕ್ಕೆ. ನಗುವ ಮಾತಾಗಿರಲಿಲ್ಲವೆಂದು ಮುಖ ನೋಡಿ ಗೊತ್ತಾಯಿತು.

ಸ್ಟಿಕ್ ವಾಪಸು.

ಜನವರಿ 20, ಭಾನುವಾರ

ಲಿಫ್ಟು ಅಂಗೈಯಗಲದ ಬೋರ್ಡ್ ಒಂದನ್ನು ತಂದ. ಡಬ್ಬಿಯಿಲ್ಲ, ಕವಚವಿಲ್ಲ, ಬರೀ ಎಲುಬಿನ ಗೂಡು. ಅದನ್ನೇ ಕಂಪ್ಯೂಟರ್ ಎನ್ನುತ್ತಾನೆ. ಊದುಬತ್ತಿ ಪೆಟ್ಟಿಗೆಯಷ್ಟು ಜಾಗ ಸಾಕು, ಫ್ಯಾನಿಲ್ಲ, ಸಿನಿಮಾ ತೋರಿಸುವ ತಂತ್ರಾಂಶವನ್ನು ಪುಕ್ಕಟೆ ಹಾಕಿಕೊಳ್ಳಬಹುದು. ಚಿತ್ರ ಸೊಗಸಾಗಿ ಓಡಿತು. ಮಾತು ಮಾತ್ರ ಅದೇ ಹಾಡು. ಪಾತ್ರಗಳೆಲ್ಲ ಬಾಯಲ್ಲಿ ಹತ್ತಿ ಇಟ್ಟುಕೊಂಡ ಹಾಗೆ.

ಲಿಫ್ಟು ತುಂಬ ಯೋಚಿಸಿ ಹೇಳಿದ: "ಭಾವ, ಈ ಸಿನಿಮಾಗಳ ಸದ್ದು ಆರು ದಾರೀಲಿ ಬರುತ್ತೆ. ಮಾತೆಲ್ಲ ಮಧ್ಯದ ಸ್ಪೀಕರಿಗೆ ಅಂತ ಇಟ್ಟಿರ್ತಾರೆ. ನಿಮ್ಮ ಹತ್ರ ಮಧ್ಯದ್ದೇ ಇಲ್ಲ. ಆರನ್ನೂ ಎರಡರಲ್ಲಿ ತುರುಕಿದ್ರೆ ಮಾತು ಸಂಗೀತದ ಅಡಿಗೆ ಸಿಕ್ಕಿ ಅಪ್ಪಚ್ಚಿ ಆಗುತ್ತೆ."

ಎಷ್ಟು ಸಮಾಧಾನವಾಯಿತೆಂದರೆ ಅವನಿಗೆ ಇನ್ನೊಂದು ಲೋಟ ಟೀ ಮಾಡಿಸಿದೆ. ಕಾರಣ ಗೊತ್ತಾದರೆ ಅರ್ಧ ರಿಪೇರಿ ಮುಗಿದ ಹಾಗೆ.

ಜನವರಿ 27, ಭಾನುವಾರ

ಮಧ್ಯದ ಸ್ಪೀಕರ್ ಬಂತು. ಟೀವಿಯ ಕೆಳಗೆ ಹಲಗೆ ಹೊಡೆದು ಕೂರಿಸಿದೆ. ವ್ಯತ್ಯಾಸ ಖಂಡಿತ ಇದೆ. ಸದ್ದು ಹೆಚ್ಚಿದೆ, ಆದರೆ ಅಂಚು ಬಂದಿಲ್ಲ. ಮೊಂಡು ಚಾಕುವನ್ನು ಜೋರಾಗಿ ಒತ್ತಿದ ಹಾಗೆ.

ಸಂಜೆ ಪಕ್ಕದ ಮನೆಯಾಕೆ ಬಂದು, "ಆ ಹುಡುಗಿ ಕೊನೆಗೆ ಯಾರನ್ನ ಮದುವೆ ಆದ್ಲು?" ಎಂದು ಕೇಳಿದರು. ನಿನ್ನೆ ಗೋಡೆಯಾಚೆಯಿಂದಲೇ ಪೂರ್ತಿ ಕೇಳುತ್ತಿದ್ದರಂತೆ, ಕೊನೆಯ ಹೊತ್ತಿಗೆ ನಿದ್ದೆ ಬಂತಂತೆ. ನನ್ನ ಹೆಂಡತಿ ಮುಖ ಕೆಂಪಗೆ ಮಾಡಿಕೊಂಡಳು. ಅವರು ಹೋದ ಮೇಲೆ ನಾನು, ನೋಡು, ಇಟ್ಟಿಗೆಯ ಗೋಡೆಯೂ ಸದ್ದನ್ನು ತಡೆಯದ ಕಾಲ ಬಂತು ಎಂದೆ.

ಬೋರ್ಡಿನ ಸದ್ದಿನ ಚಿಪ್ಪು ಸಾಲದೆನ್ನಿಸುತ್ತದೆ. ಸ್ವಲ್ಪ ತೂಕದ ಯಂತ್ರವೇ ಬೇಕು.

ಫೆಬ್ರವರಿ 3, ಭಾನುವಾರ

ಯಾವುದೋ ಕಚೇರಿ ಮುಚ್ಚಿದಾಗ ಮಾರಿದ ಮಿನಿ ಪಿಸಿ ಸಿಕ್ಕಿತು. ಗಟ್ಟಿ ತಗಡಿನ ಮೈ, ದಪ್ಪ ಪುಸ್ತಕದಷ್ಟು ಗಾತ್ರ. ಯಾವ ಫೈಲ್ ಹಾಕಿದರೂ ನುಂಗುತ್ತದೆ. ಒಳಗೆ ಫ್ಯಾನಿದೆಯೆಂದು ಹೆದರಿದ್ದೆ. ಹಚ್ಚಿ ನೋಡಿದರೆ ಪೂರಾ ಮೌನ.

ಐದೇ ನಿಮಿಷಕ್ಕೆ ಇವಳು ಕೋಣೆಯಿಂದ ಎದ್ದು ಹೋದಳು. ಏನೆಂದು ಕೇಳಿದರೆ ಬಾಗಿಲಲ್ಲಿ ನಿಂತು ಜೋರಾಗಿ, "ಕಿವೀಲಿ ಸೊಳ್ಳೆ ಕೂತು ಕೂಗಿದ ಹಾಗಿದೆ ಕಣ್ರೀ, ತಲೆ ಸಿಡೀತಿದೆ" ಎಂದಳು. ಲಿಫ್ಟು ಬಂದವನೂ ಬಾಗಿಲಲ್ಲೇ, "ಏನ್ ಭಾವ, ಫ್ಯಾನು ಹೀಗೆ ಕಿರುಗುಟ್ತಿದೆ?" ಎಂದ. ಅಕ್ಕ ತಮ್ಮ ಯಾವತ್ತೂ ಒಂದೇ ಪಾರ್ಟಿ. ನಾನು ಯಂತ್ರದ ಮೇಲೆ ಕಿವಿಯಿಟ್ಟು ನೋಡಿದೆ. ಏನೂ ಇಲ್ಲ.

ಫೆಬ್ರವರಿ 10, ಭಾನುವಾರ

ನಿನ್ನೆ ಶನಿವಾರ ಒಬ್ಬನೇ ಸಿನಿಮಾ ನೋಡಿದೆ. ಅವಳಿಗೆ ಸುಸ್ತಂತೆ.

ಇವಳು ಈಚೆಗೆ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. ಆಡಿದರೆ ಗೊಣಗುತ್ತಾಳೆ, ಇಲ್ಲವೇ ಕೂಗುತ್ತಾಳೆ. ವಯಸ್ಸಾಗುತ್ತಾ ಕೆಲವರು ಸಿಡುಕರಾಗುತ್ತಾರೆಂದು ಕೇಳಿದ್ದೇನೆ. ನಾನು ಎದುರಾಡುವುದಿಲ್ಲ, ಎಲ್ಲದಕ್ಕೂ ಹೂಂ ಅನ್ನುತ್ತೇನೆ.

ಫೆಬ್ರವರಿ 19, ಮಂಗಳವಾರ

ಇವತ್ತು ನ್ಯಾಯಾಲಯದಲ್ಲಿ ಒಂದು ಸಣ್ಣ ಗೊಂದಲ.

ಅಣ್ಣ ತಮ್ಮಂದಿರ ಅಂಗಡಿ ವ್ಯಾಜ್ಯ. ತಮ್ಮ ಸಾಕ್ಷಿ ಕಟ್ಟೆಯಲ್ಲಿ ನಿಂತಿದ್ದ. ಅಂಗಡಿಯ ಬೀರು, ಮೇಜು, ಬಾಗಿಲನ್ನೆಲ್ಲ ಅಣ್ಣ ಏನು ಮಾಡಿದನೆಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಬರೆದುಕೊಂಡೆ. ಮಧ್ಯಾಹ್ನ ಹೇಳಿಕೆಯನ್ನು ಓದಿ ಹೇಳಿ ಸಹಿ ಹಾಕಿಸುವ ಹೊತ್ತಿಗೆ ಅವನು ಕೈ ಅಡ್ಡ ಹಿಡಿದ.

"ಕೊಟ್ಟ ಅಲ್ಲ ಸ್ವಾಮಿ. ಸುಟ್ಟ. ನಮ್ಮಣ್ಣ ಎಲ್ಲಾನೂ ಸುಟ್ಟ. ಕೊಟ್ಟಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ?"

ಎಲ್ಲರೂ ನಕ್ಕರು. ನ್ಯಾಯಾಧೀಶರಾದ ಮೇಡಂ ನಗಲಿಲ್ಲ. ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ತಿದ್ದಿ" ಎಂದರು. ತಿದ್ದಿದೆ.

ಫೆಬ್ರವರಿ 20, ಬುಧವಾರ

ಆ ಮನುಷ್ಯನಿಗೆ ಮುಂದಿನ ಎರಡು ಹಲ್ಲಿಲ್ಲ. ಆ ಕೋರ್ಟ್ ಹಾಲ್‌ನಲ್ಲಿ ನಾಲ್ಕು ಫ್ಯಾನು, ಒಂದು ಕಿಟಕಿ ರಸ್ತೆಗೆ. ಯಾರಿಗಾದರೂ ಆಗುವಂಥದ್ದು.

ನನ್ನ ಪಕ್ಕದ ಮೇಜಿನ ಕಿರಿಯ ಟೈಪಿಸ್ಟ್ ಹುಡುಗಿಯನ್ನು ಹಾಗೇ ಸುಮ್ಮನೆ ಕೇಳಿದೆ, ನಿನ್ನೆಯ ಸಾಕ್ಷಿಯ ಮಾತು ನಿನಗೆ ತಿಳಿಯಿತಾ ಎಂದು. "ತಿಳೀತು ಸರ್" ಎಂದಳು. ನಾಲ್ಕು ಮಾತು ಜಾಸ್ತಿ ಆಡಬಹುದಿತ್ತು. ಆಡಲಿಲ್ಲ. ಪಾಪ, ಅವಳ ಮುಖ ನೋಡಿದರೆ ನನಗಿಂತ ಅವಳಿಗೇ ಮುಜುಗರ.

ಫೆಬ್ರವರಿ 24, ಭಾನುವಾರ

ಮಧ್ಯದ ಸ್ಪೀಕರನ್ನು ಪರೀಕ್ಷಿಸಿಯೇ ಬಿಡೋಣವೆಂದು ಲಿಫ್ಟುವನ್ನು ಕರೆಸಿದೆ. ಅವನು ಒಂದು ಪರೀಕ್ಷೆಯ ಫೈಲ್ ತಂದಿದ್ದ. ಸದ್ದು ತೀರ ತಗ್ಗಿನಿಂದ, ಲಾರಿ ನಿಂತಲ್ಲೇ ಗುರುಗುಟ್ಟುವ ಹಾಗೆ ಶುರುವಾಗಿ, ಮೆಲ್ಲಗೆ ಏರುತ್ತಾ ಏರುತ್ತಾ ಸೀಟಿಯಾಗಿ, ಕೊನೆಗೆ ಕಿವಿಗೇ ನಿಲುಕದಷ್ಟು ತೆಳುವಾಗುತ್ತದೆ. ಎಲ್ಲಾದರೂ ನಡುವೆ ಕಡಿದರೆ ಆ ಜಾಗದಲ್ಲಿ ಸ್ಪೀಕರ್ ಕೆಟ್ಟಿದೆಯೆಂದು ಲೆಕ್ಕ.

ಮೂವರೂ ಕುಳಿತೆವು. ಲಾರಿ ಗುರುಗುಟ್ಟಿತು. ಏರಿತು. ಕೊಳಲಿನಷ್ಟಾಯಿತು. ಸೀಟಿಯಾಗುವ ಹೊತ್ತಿಗೆ ನಿಂತುಹೋಯಿತು.

"ನಿಲ್ತು ನೋಡು" ಎಂದೆ. "ನಾನು ಮೊದಲಿಂದ ಹೇಳ್ತಿಲ್ವಾ. ಇದರೊಳಗಿನ ಸಣ್ಣ ಸ್ಪೀಕರ್ ಹೋಗಿದೆ. ಅದಕ್ಕೇ ಮಾತಿಗೆ ಅಂಚಿಲ್ಲ."

ತಿರುಗಿ ನೋಡಿದೆ. ನನ್ನ ಹೆಂಡತಿ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮುಖ ಹಿಂಡಿಕೊಂಡಿದ್ದಳು. ಲಿಫ್ಟು ಹಲ್ಲು ಕಚ್ಚಿಕೊಂಡಿದ್ದ. ಟೀವಿಯ ಪರದೆಯ ಮೇಲೆ ಸದ್ದಿನ ಏರಿಕೆ ತೋರಿಸುವ ಗೆರೆ ಇನ್ನೂ ಏರುತ್ತಲೇ ಇತ್ತು. ಅದು ಬಹಳ ಹೊತ್ತು ಏರಿತು. ಆಮೇಲೆ ಅವಳು ಬೆರಳು ತೆಗೆದಳು.

"ಭಾವ" ಎಂದ ಲಿಫ್ಟು. ಅವನು ನನ್ನ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕುಳಿತಿದ್ದ. "ಸ್ಪೀಕರ್ ಸರಿಯಾಗೇ ಇದೆ."

ಇನ್ನೊಮ್ಮೆ ಹಾಕಲು ಹೇಳಿದೆ. ಹಾಕಿದ. ಈ ಸಲ ನಾನು ಸ್ಪೀಕರನ್ನು ನೋಡಲಿಲ್ಲ, ಇವಳ ಮುಖ ನೋಡಿದೆ. ನನಗೆ ಮೌನವಾದ ಮೇಲೂ ಎಷ್ಟೋ ಹೊತ್ತು ಅವಳಿಗೆ ಕೇಳಿಸುತ್ತಲೇ ಇತ್ತು.

ಫೆಬ್ರವರಿ 27, ಬುಧವಾರ

ಏನೂ ಕೊಂಡಿಲ್ಲ. ಏನೂ ಹಚ್ಚಿಲ್ಲ.

ಮಾರ್ಚ್ 4, ಸೋಮವಾರ

ರಜೆ ಹಾಕಿ ಆಸ್ಪತ್ರೆಗೆ ಹೋದೆ. ಲಿಫ್ಟು ಜೊತೆಗೆ ಬಂದ. ಇವಳಿಗೆ ಲೈಬ್ರರಿಯಲ್ಲಿ ಪುಸ್ತಕಗಳ ತಪಾಸಣೆಯಿತ್ತು, ಬಿಡಲಾಗಲಿಲ್ಲ.

ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದರು. ನಡುನಡುವೆ ಬಹಳ ಹೊತ್ತು ಒತ್ತುವ ಕೆಲಸವೇ ಇರಲಿಲ್ಲ. ಗಾಜಿನಾಚೆ ಪರೀಕ್ಷೆ ಮಾಡುವಾಕೆಯ ಕೈ ಮಾತ್ರ ಆಡುತ್ತಲೇ ಇತ್ತು.

ಆಮೇಲೆ ಒಂದು ನಕ್ಷೆ ತೋರಿಸಿದರು. ಗೆರೆ ಅರ್ಧ ದಾರಿ ನೆಟ್ಟಗೆ ನಡೆದು ಅಲ್ಲಿಂದ ಜಾರುಬಂಡೆಯ ಹಾಗೆ ಕೆಳಗಿಳಿದಿದೆ. "ಸ, ಶ, ಕ, ತ, ಇವೆಲ್ಲ ಈ ಜಾರೋ ಜಾಗದಲ್ಲಿರೋ ಅಕ್ಷರಗಳು" ಎಂದರು. "ಇವು ನಿಮಗೆ ಸರಿಯಾಗಿ ಬೀಳ್ತಿಲ್ಲ. ಉಳಿದಿದ್ದನ್ನ ಇಟ್ಕೊಂಡು ನೀವು ಊಹೆ ಮಾಡ್ತಿದೀರಿ. ನಿಮ್ಮದು ಮಾತಿನ ಕೆಲಸ ಅಲ್ವಾ, ಊಹೆ ಚೆನ್ನಾಗೇ ಮಾಡಿದೀರಿ. ಅದಕ್ಕೇ ಇಷ್ಟು ದಿನ ಗೊತ್ತಾಗಿಲ್ಲ."

ಅವರು ಹೊಗಳಿದ್ದು. ನನಗೆ ಹಾಗೆ ಕೇಳಿಸಲಿಲ್ಲ.

ಕಿವಿಯ ಯಂತ್ರಕ್ಕೆ ಅಳತೆ ಕೊಟ್ಟು ಹೊರಗೆ ಬೆಂಚಿನ ಮೇಲೆ ಚೀಟಿಗಾಗಿ ಕಾಯುತ್ತಿದ್ದೆವು. ಲಿಫ್ಟು ಸುಮ್ಮನೆ ಮಾತಿಗೆಂಬಂತೆ ಅಂದ: "ಅಕ್ಕನ ಜೊತೆ ಬಂದಾಗ ಆ ಕಡೆ ಬೆಂಚಲ್ಲಿ ಕೂತಿದ್ವಿ. ಅಲ್ಲಿ ಗಾಳಿನೇ ಆಡಲ್ಲ."

"ಯಾವಾಗ ಬಂದಿದ್ರಿ?"

"ಗಂಟಿನ ಪರೀಕ್ಷೆಗೆ. ಹೋದ ತಿಂಗಳು."

"ಯಾವ ಗಂಟು?"

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ನಿಧಾನವಾಗಿ, ತುಟಿ ಕಾಣುವ ಹಾಗೆ ಹೇಳಿದ: "ಅಕ್ಕನ ಎದೇಲಿ ಗಂಟು ಇತ್ತಲ್ಲ. ಏನೂ ಇಲ್ಲ ಅಂತ ಬಂತು. ಅಕ್ಕ ನಿಮಗೆ ಹೇಳಿದೀನಿ ಅಂದ್ಲು. ನೀವು, ಆಗ್ಲಿ, ತಮ್ಮನ್ನ ಕರ್ಕೊಂಡು ಹೋಗು ಅಂದ್ರಂತೆ."

ಚೀಟಿ ಬಂತು. ಎದ್ದೆವು.

ಮಾರ್ಚ್ 6, ಬುಧವಾರ

ಅವಳನ್ನು ಇನ್ನೂ ಕೇಳಿಲ್ಲ. ನಿನ್ನೆ ಅವಳು ತಟ್ಟೆ ಇಡುವಾಗ, ಊಟಕ್ಕೆ ಮುಂಚೆ, ಕೈ ಹಿಡಿದುಕೊಂಡೆ. "ಏನಾಯ್ತ್ರೀ?" ಎಂದಳು. ಏನಿಲ್ಲ ಎಂದೆ.

ಇನ್ನೊಂದು ವಿಷಯವೂ ಇದೆ. ಸುಟ್ಟ ಎಂದದ್ದು ಕೊಟ್ಟ ಆದದ್ದು ಆ ಮನುಷ್ಯ ಕೈ ಅಡ್ಡ ಹಿಡಿದದ್ದರಿಂದ ಗೊತ್ತಾಯಿತು. ಎಲ್ಲ ಸಾಕ್ಷಿಗಳೂ ಕೈ ಅಡ್ಡ ಹಿಡಿಯುವುದಿಲ್ಲ. ಹೆದರಿ ನಿಂತಿರುತ್ತಾರೆ, ಓದಿದ್ದಕ್ಕೆ ತಲೆಯಾಡಿಸಿ ಸಹಿ ಹಾಕಿ ಇಳಿದು ಹೋಗುತ್ತಾರೆ.

ಯಂತ್ರ ಬಂದ ಮೇಲೆ ಎಲ್ಲ ಸರಿಹೋಗುತ್ತದೆ, ಯಾರಿಗೂ ಹೇಳುವ ಅಗತ್ಯವೇ ಇಲ್ಲ ಎಂದು ಬೆಳಿಗ್ಗೆ ಹಲ್ಲುಜ್ಜುವಾಗ ಅನ್ನಿಸಿತು. ಬಸ್ಸು ಹತ್ತುವಾಗ ಹಾಗನ್ನಿಸಲಿಲ್ಲ.

ಮಾರ್ಚ್ 7, ಗುರುವಾರ

ಮಧ್ಯಾಹ್ನದ ವಿರಾಮದಲ್ಲಿ ಮೇಡಂ ಕೊಠಡಿಗೆ ಹೋದೆ. ನಕ್ಷೆಯನ್ನು ಮೇಜಿನ ಮೇಲಿಟ್ಟು ಹೇಳಿದೆ.

ಅವರು ಎರಡು ಸಲ ನೋಡಿದರು. "ಯಾವಾಗಿನಿಂದ?"

"ಗೊತ್ತಿಲ್ಲ ಮೇಡಂ. ಅದೇ ತೊಂದರೆ."

"ನೀವು ಬರೆದಿದ್ದರಲ್ಲಿ ಇನ್ನೂ ಎಷ್ಟು ಕಡೆ ಹೀಗಾಗಿರಬಹುದು?"

"ಅದೂ ಗೊತ್ತಿಲ್ಲ. ಕೇಳಿಸದೆ ಇದ್ದಿದ್ರೆ ಬರೀತಿರಲಿಲ್ಲ. ನನಗೆ ಕೇಳಿಸಿದೆ ಅಂತಾನೇ ಬರೆದಿದೀನಿ. ಕಲಾಪದ ಧ್ವನಿಮುದ್ರಣ ಇದೆಯಲ್ಲ, ಕಳೆದ ವರ್ಷದ ಹೇಳಿಕೆಗಳನ್ನೆಲ್ಲ ಅದರ ಜೊತೆ ತಾಳೆ ನೋಡಬೇಕು ಮೇಡಂ."

ಅವರು ಕಿಟಕಿಯ ಕಡೆ ತಿರುಗಿ ಏನೋ ಹೇಳಿದರು. "ಇತ್ತ ತಿರುಗಿ ಹೇಳ್ತೀರಾ ಮೇಡಂ, ನನಗೆ ತಿಳೀಲಿಲ್ಲ" ಎಂದೆ. ಒಬ್ಬ ನ್ಯಾಯಾಧೀಶರಿಗೆ ನಾನು ಹಾಗೆ ಹೇಳಿದ್ದು ಇದೇ ಮೊದಲು. ಅವರು ತಿರುಗಿದರು.

"ನೀವು ಇದನ್ನ ಹೇಳದೆ ಇದ್ದಿದ್ರೂ ನಡೀತಿತ್ತು ಅಂದೆ."

"ನಡೀತಿತ್ತು ಮೇಡಂ."

ನಾಳೆಯಿಂದ ನನ್ನ ಕುರ್ಚಿಗೆ ಕಿರಿಯ ಟೈಪಿಸ್ಟ್. ನಾನು ದಾಖಲೆ ಕೋಣೆಯಲ್ಲಿ, ತಾಳೆ ನೋಡುವ ಕೆಲಸಕ್ಕೆ. ಮುಂದಿನದನ್ನು ಮುಂದೆ ನೋಡೋಣ ಎಂದರು. ಬೆರಳುಗಳಿಗೆ ಸಂಜೆಯವರೆಗೂ ಏನು ಮಾಡಬೇಕೆಂದೇ ತೋಚಲಿಲ್ಲ.

ಮಾರ್ಚ್ 18, ಸೋಮವಾರ

ಕಿವಿಯ ಯಂತ್ರ ಬಂದು ನಾಲ್ಕೈದು ದಿನ. ಯಾರೂ ಹೇಳಿರಲಿಲ್ಲ, ಜಗತ್ತಿನಲ್ಲಿ ಕಾಗದ ಇಷ್ಟೊಂದು ಗಲಾಟೆ ಮಾಡುತ್ತದೆಂದು. ದಾಖಲೆ ಕೋಣೆಯಲ್ಲಿ ಹಾಳೆ ತಿರುವಿದರೆ ಹಪ್ಪಳ ಮುರಿದ ಹಾಗೆ. ನನ್ನ ಚಪ್ಪಲಿಯೇ ನನ್ನನ್ನು ಹಿಂಬಾಲಿಸುತ್ತದೆ. ಜನ ತುಂಬಿದ ಕಡೆ ಇನ್ನೂ ಕಷ್ಟ, ಎಲ್ಲರ ಮಾತೂ ಒಟ್ಟಿಗೆ ನುಗ್ಗುತ್ತದೆ. ಪೂರ್ತಿ ಸರಿಹೋಗುವುದಿಲ್ಲ, ಒಗ್ಗಿಕೊಳ್ಳಬೇಕು ಎಂದಿದ್ದಾರೆ.

ತಾಳೆ ನೋಡುವ ಕೆಲಸ ಹೀಗೆ: ಇನ್ನೊಬ್ಬ ಗುಮಾಸ್ತ ಧ್ವನಿಮುದ್ರಣ ಕೇಳುತ್ತಾನೆ, ನಾನು ಬರೆದದ್ದನ್ನು ಗಟ್ಟಿಯಾಗಿ ಓದುತ್ತೇನೆ. ಇವತ್ತಿನವರೆಗೆ ಸಿಕ್ಕ ತಪ್ಪುಗಳಲ್ಲಿ ಒಂದು ಮಾತ್ರ ಯೋಚಿಸುವಂಥದ್ದು. ಮೇಡಂಗೆ ತಿಳಿಸಿದ್ದೇವೆ, ಆ ಸಾಕ್ಷಿಯನ್ನು ಮತ್ತೆ ಕರೆಸುತ್ತಾರೆ. ತಪ್ಪು ಸಿಕ್ಕಾಗ ಗುಮಾಸ್ತ ನನ್ನ ಮುಖ ನೋಡದೆ ಕೈ ಎತ್ತುತ್ತಾನೆ. ಒಳ್ಳೆಯ ಹುಡುಗ.

ಪ್ಲೇಯರ್ ವಿಷಯವೂ ತೀರ್ಮಾನವಾಯಿತು. ಈ ಸಲ ಇವಳನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಫ್ಯಾನಿಲ್ಲದ ಪುಟ್ಟ ಪೆಟ್ಟಿಗೆ. ಮೈಯೇ ಏಣು ಏಣಾಗಿದ್ದು ಅದರಿಂದಲೇ ಶಾಖ ಬಿಡುತ್ತದೆ. ಪರದೆಯ ಅಡಿಯ ಅಕ್ಷರಗಳನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ನನ್ನ ಕಿವಿಯ ಯಂತ್ರಕ್ಕೆ ತಂತಿಯಿಲ್ಲದೆ ನೇರವಾಗಿ ಸದ್ದು ಕಳಿಸುತ್ತದೆ, ಸ್ಪೀಕರಿಗೆ ಬೇರೆ ಮಟ್ಟದಲ್ಲಿ. ಅವಳಿಗೆ ಅವಳಷ್ಟು, ನನಗೆ ನನ್ನಷ್ಟು. ಅಂಗಡಿಯವನಿಗೆ ನನ್ನ ಕಡೆ ತಿರುಗಿ ಹೇಳಪ್ಪ ಎಂದೆ. ತಿರುಗಿ ಹೇಳಿದ. ಅಷ್ಟೇನೂ ಕೆಟ್ಟವನಲ್ಲ.

ಮಾರ್ಚ್ 23, ಶನಿವಾರ

ಸಂಜೆ ಇಬ್ಬರೂ ಕುರ್ಚಿಯಲ್ಲಿ ಕುಳಿತೆವು. ಸಿನಿಮಾ ಆಯ್ದು ಹಾಕಿದಳು. ಹೆಸರುಗಳು ಬರುತ್ತಿದ್ದಾಗಲೇ ರಿಮೋಟ್ ಇಸಿದುಕೊಂಡು ನಿಲ್ಲಿಸಿದೆ.

"ಆ ಗಂಟಿನ ವಿಷಯ ಹೇಳು" ಎಂದೆ. "ಮೊದಲಿಂದ."

"ಈಗ್ಯಾಕೆ? ಮುಗಿದುಹೋಯ್ತಲ್ಲ."

"ನನಗೆ ಗೊತ್ತೇ ಇಲ್ಲ. ಹೇಳು."

ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಹೇಳಿದಳು. ಅವಳು ಹೇಳಿದ ಹಾಗೇ ಬರೆಯುತ್ತಿದ್ದೇನೆ.

"ಸ್ನಾನ ಮಾಡೋವಾಗ ಕೈಗೆ ಸಿಕ್ತು. ಎಡಗಡೆ, ಕಂಕುಳ ಹತ್ರ. ಎರಡು ದಿನ ಯಾರಿಗೂ ಹೇಳಲಿಲ್ಲ. ಆಮೇಲೆ ಪಾತ್ರೆ ತೊಳೀತಾ ನಿಮಗೆ ಹೇಳ್ದೆ. ನೀವು ಬಾಗಿಲ ಹತ್ರ ನಿಂತು ಯಾವುದೋ ಡಬ್ಬಿ ಬಿಚ್ತಿದ್ರಿ. ಎದುರು ನಿಂತು ಹೇಳೋಕೆ ನನಗೆ ಧೈರ್ಯ ಇರಲಿಲ್ಲ, ಬೆನ್ನು ಮಾಡ್ಕೊಂಡೇ ಹೇಳ್ದೆ. ನಲ್ಲಿ ಬೇರೆ ಬಿಟ್ಟಿತ್ತು. ತೋರಿಸ್ಕೊಂಡು ಬರೋಕೆ ಜೊತೆಗೆ ಬರ್ತೀರಾ ಅಂತ ಕೇಳಿದ್ರೆ, ತಮ್ಮನ್ನ ಕರ್ಕೊಂಡು ಹೋಗು ಅಂದ್ರಿ. ಇವರಿಗೂ ಭಯ ಆಗಿದೆ, ಅದಕ್ಕೇ ಬರಲ್ಲ ಅಂತಾರೆ ಅಂದ್ಕೊಂಡೆ. ಆಮೇಲೆ ಅಂದ್ಕೊಂಡೆ, ಭಯ ಅಲ್ಲ, ಇವರಿಗೆ ಬೇಕಾಗೇ ಇಲ್ಲ. ಅದನ್ನ ಅಂದ್ಕೊಂಡ ಮೇಲೆ ಮಾತಾಡೋಕೇ ಮನಸ್ಸು ಬರ್ತಿರಲಿಲ್ಲ. ಸೂಜಿ ಹಾಕಿ ಪರೀಕ್ಷೆಗೆ ಚೂರು ತೆಗೆದ್ರು. ಫಲಿತಾಂಶ ಬರೋ ತನಕ ಲೈಬ್ರರೀಲಿ ಒಂದೇ ಪುಸ್ತಕಾನ ಮೂರು ಕಪಾಟಲ್ಲಿ ಇಟ್ಟು ತೆಗ್ದು ಮಾಡಿದೀನಿ. ಏನೂ ಇಲ್ಲ, ಬರೀ ಕೊಬ್ಬಿನ ಗಂಟು ಅಂದಾಗ ಲಿಫ್ಟು ಅಲ್ಲೇ ಬೆಂಚಿನ ಮೇಲೆ ಅತ್ತ. ನಾನು ಅಳಲಿಲ್ಲ. ಮನೆಗೆ ಬಂದೆ. ನೀವು ಟೀವಿ ಹಿಂದೆ ತಂತಿಗಳ ಮಧ್ಯ ಮಲಗಿದ್ರಿ, ಕಾಲು ಮಾತ್ರ ಕಾಣ್ತಿತ್ತು. 'ಏನೂ ತೊಂದರೆ ಇಲ್ವಂತೆ ಕಣ್ರೀ' ಅಂದೆ. ನೀವು ಒಳಗಿಂದಾನೇ, 'ಇದೆ, ಎಡಗಡೇದು ಇನ್ನೂ ಸರಿ ಇಲ್ಲ' ಅಂದ್ರಿ. ನನ್ನದೂ ಎಡಗಡೇದೇ. ನಗಬೇಕೋ ಅಳಬೇಕೋ ತಿಳೀಲಿಲ್ಲ. ಹೋಗಿ ಅಕ್ಕಿ ತೊಳೆದೆ."

ನಗು ಬಂತು. ಅವಳಿಗೂ ಬಂತು. ಆಮೇಲೆ ಅವಳು ನನ್ನ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು.

ಸೂಜಿ ಹಾಕಿದಾಗ ನೋವಾಯಿತಾ ಎಂದು ಕೇಳಿದೆ. ಸ್ವಲ್ಪ ಎಂದಳು. ಈಗ ಇದೆಯಾ ಎಂದೆ. ಇಲ್ಲ ಎಂದಳು. ಮತ್ತೆ ಪರೀಕ್ಷೆಗೆ ಯಾವಾಗ ಹೋಗಬೇಕು ಎಂದು ಕೇಳಿದೆ. ಆರು ತಿಂಗಳಿಗೊಮ್ಮೆ ಅಂತೆ. ನಾನು ಬರುತ್ತೇನೆ ಎಂದೆ.

ಸಿನಿಮಾ ಇವತ್ತು ಬೇಡವೆನಿಸಿತು, ಇಬ್ಬರಿಗೂ. ಅವಳು ಅಡುಗೆಮನೆಗೆ ಹೋದಳು. ಹೋಗುತ್ತಾ ಬೆನ್ನು ತಿರುಗಿಸಿ ಏನೋ ಅಂದಳು. ಯಂತ್ರ ಕಿವಿಯಲ್ಲೇ ಇತ್ತು, ಆದರೂ ನನಗೆ ತಿಳಿಯಲಿಲ್ಲ. ಎದ್ದು ಹಿಂದೆಯೇ ಹೋಗಿ, ಏನಂದೆ ಎಂದು ಕೇಳಿದೆ.

"ಹಾಲು ಹೊರಗೇ ಇದೆ, ಫ್ರಿಜ್ಜಲ್ಲಿ ಇಡಿ ಅಂದೆ."

ಇಟ್ಟೆ.